ಇಪ್ಪತ್ತೆರಡು ಮನೆಗಳ ಊರು

೨೦೨೪ನೇ ಇಸವಿ ಏಪ್ರಿಲ್ ೮, ಸೋಮವಾರ, ಅಮಾವಾಸ್ಯೆ. ಪಂಚಾಂಗದ ಪ್ರಕಾರ ವಸಂತ ಋತುವಿಗೆ ಇನ್ನೊಂದು ದಿನ ಬಾಕಿಯಿತ್ತು. ಟೆಕ್ಸಾಸಿನ ಲೆಕ್ಕದಲ್ಲಿ ವಸಂತ ಬಂದು ಮೂರನೆಯ ವಾರ ನಡೆಯುತ್ತಿತ್ತು. ಆಸ್ಟಿನ್ ನಗರದ ಮೇಲೆ ಬೆಳಗಿನಿಂದ ಮೋಡ ಕವಿದಿತ್ತು. ಮಧ್ಯಾಹ್ನ ಒಂದೂವರೆ ದಾಟಿದ ಮೇಲೆ ಖಗ್ರಾಸ ಸೂರ್ಯಗ್ರಹಣವಿದ್ದುದರಿಂದ ಕಚೇರಿಗಳ ಜನ ಕಾಗದದ ಕಪ್ಪು ಕನ್ನಡಕ ಹಿಡಿದು ಪಾರ್ಕಿಂಗ್ ಲಾಟುಗಳಲ್ಲಿ ನಿಂತು, ಮೋಡ ಸರಿದೀತೆಂದು ಕಾಯುತ್ತಿದ್ದರು. ಪೆಕಾನ್ ಶೇಡ್ ಎಂಬ ಹದಿನಾಲ್ಕು ಜನರ ಸಂಸ್ಥೆಯಲ್ಲಿ ಒಬ್ಬಳು ಮಾತ್ರ ಹೊರಗೆ ಬಂದಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲಿದ್ದ ಒಂದು ಮುಚ್ಚಿದ ಬಾಗಿಲನ್ನೇ ನೋಡುತ್ತ ಅವಳು ಒಳಗೆ ಕುಳಿತಿದ್ದಳು.

ಅವಳ ಹೆಸರು ವೈಷ್ಣವಿ. ದಾನಪ್ಪನವರ ಮತ್ತು ಮಲ್ಲವ್ವನವರ ಮಗಳು. ಹುಟ್ಟಿದ್ದು ೧೯೯೩ರ ಜನವರಿ ೨೨ರಂದು, ಇಳಕಲ್ಲಿನಲ್ಲಿ. ಇಳಕಲ್ ಬಾಗಲಕೋಟೆ ಜಿಲ್ಲೆಯದೆಂದು ಈಗಿನವರು ಬರೆಯುತ್ತಾರೆ. ಆ ವರ್ಷ ಅದು ವಿಜಾಪುರ ಜಿಲ್ಲೆಗೆ ಸೇರಿತ್ತು. ದಾನಪ್ಪನವರದು ಕೆಂಪು ಗ್ರಾನೈಟಿನ ವ್ಯಾಪಾರ. ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲನ್ನು ಹ್ಯೂಸ್ಟನ್ನಿಗೆ ಕಳುಹಿಸುತ್ತಿದ್ದವರು, ಕಲ್ಲಿನ ಹಿಂದೆಯೇ ತಾವೂ ಬಂದು ಅಂಗಡಿ ತೆರೆದರು. ಸಂಸಾರ ಬಂದಿಳಿದದ್ದು ೨೦೦೧ರ ಆಗಸ್ಟ್ ೧೮ರ ಶನಿವಾರ. ವೈಷ್ಣವಿಗೆ ಆಗ ಎಂಟು ವರ್ಷ, ಅವಳ ಅಣ್ಣ ಅಮರನಿಗೆ ಹನ್ನೊಂದು. ಹ್ಯೂಸ್ಟನ್ನಿನ ಪಕ್ಕದ ಶುಗರ್ ಲ್ಯಾಂಡಿನಲ್ಲಿ ಅವರ ಮನೆಯೂ ನಮ್ಮ ಮನೆಯೂ ಒಂದೇ ಬೀದಿಯಲ್ಲಿವೆ. ಅವಳು ಭಾನುವಾರಗಳಂದು ನನ್ನ ಬಳಿ ಕನ್ನಡ ಓದಲು ಬರುತ್ತಿದ್ದಳು. ಕಾಗುಣಿತ ಚೆನ್ನಾಗಿತ್ತು, ಅಕ್ಷರ ದುಂಡಗಿರಲಿಲ್ಲ.

ಅವಳ ಮುಂದಿನ ಬದುಕಿನ ದಾರಿ ೨೦೦೪ರ ಕ್ರಿಸ್ಮಸ್ ರಜೆಯಲ್ಲೇ ತೀರ್ಮಾನವಾಗಿತ್ತೆಂದು ನನ್ನ ಎಣಿಕೆ. ಆ ರಜೆಯಲ್ಲಿ ಅಮರ ಒಂದು ವಿಡಿಯೋ ಗೇಮ್ ತಂದಿದ್ದ. ಆಡುವವನು ತಾನೇ ಒಬ್ಬ ವೀರನ ಪಾತ್ರವಾಗಿ ಮಾಯಾಲೋಕವೊಂದರಲ್ಲಿ ತಿರುಗುವ ಬಗೆಯ ಆಟ ಅದು. ಅಂಥ ಆಟಗಳೆಲ್ಲ ಸಣ್ಣ ಹಳ್ಳಿಯೊಂದರಲ್ಲಿ ಶುರುವಾಗುತ್ತವೆ. ಸ್ವಲ್ಪ ಹೊತ್ತಿನಲ್ಲೇ ಆ ಹಳ್ಳಿಗೆ ಬೆಂಕಿ ಬೀಳುತ್ತದೆ ಅಥವಾ ದರೋಡೆಯಾಗುತ್ತದೆ. ವೀರನು ಹೊರಟು ರಾಜ್ಯಗಳನ್ನು ಗೆಲ್ಲುತ್ತಾನೆ. ಅಮರ ವಾರದಲ್ಲಿ ಮೂರು ರಾಜ್ಯ ಗೆದ್ದ. ವೈಷ್ಣವಿ ತನ್ನ ಸರದಿ ಬಂದಾಗಲೆಲ್ಲ ಬೆಂಕಿ ಬೀಳುವ ಮುಂಚಿನ ಹಳ್ಳಿಯಲ್ಲೇ ಉಳಿಯುತ್ತಿದ್ದಳು.

"ನಾ ಸಮುದ್ರ ದಾಟಿ ಬಂದೆ, ನೀ ಇನ್ನೂ ಕೋಳಿ ಹಿಂದ ಓಡಾಕತ್ತೀಯಲ್ಲ" ಎಂದು ಅಣ್ಣ ಚುಡಾಯಿಸುವನು.

"ಈ ಕೋಳಿ ಯಾರ ಮನೀದಂತ ಗೊತ್ತೇನು ನಿನಗ?"

"ಗೊತ್ತಾಗಿ ಏನ್ ಮಾಡ್ಲಿ? ಅದೇನು ರಾಜಾನ ಕೋಳಿನಾ?"

"ಕಮ್ಮಾರಂದು. ಅವನ ಹೆಂಡ್ತಿ ಸಂಜೀಕ ಕರೀತಾಳ, ಅದು ಹೋಗೂದಿಲ್ಲ."

ಆಗ ಇದನ್ನು ಮಗುವಿನ ಹಟವೆಂದುಕೊಂಡಿದ್ದೆ. ಈಚೆಗೆ ಹಾಗೆ ಅನ್ನಿಸುವುದಿಲ್ಲ. ಗಂಟೆಗಟ್ಟಲೆ ಬಯಲಿನಲ್ಲಿ ಸಾಗಿ ಇನ್ನೊಂದು ನಗರ ತಲುಪುವುದು ನಮಗೆ ಟೆಕ್ಸಾಸಿನಲ್ಲಿ ಮಾಯಾಲೋಕವಲ್ಲ, ನಿತ್ಯದ ಕೆಲಸ. ಹಾಲಿಗೆ ಕಾರು, ಗೆಳತಿಗೆ ಕಾರು, ದೇವಸ್ಥಾನಕ್ಕೆ ಕಾರು. ಡಲ್ಲಾಸ್ ಬಳಿಯ ಪ್ಲೇನೋದಲ್ಲಿರುವ ಮಗಳ ಮನೆಗೆ ನಾನು ಹೋಗುವಾಗ ಹೆದ್ದಾರಿಯಲ್ಲಿ ನಾಲ್ಕೂವರೆ ಗಂಟೆ ಕಳೆಯುತ್ತೇನೆ. ದಾರಿಯಲ್ಲಿ ನನ್ನ ಹೆಸರು ಬಲ್ಲವರು ಒಬ್ಬರೂ ಇರುವುದಿಲ್ಲ. ಇಲ್ಲಿ ಬೆಳೆದ ಮಗುವಿಗೆ ಹತ್ತಾರು ರಾಜ್ಯಗಳಿಗಿಂತ, ನಡೆದೇ ಮುಗಿಸಬಹುದಾದ ಒಂದು ಓಣಿ ಹೆಚ್ಚು ಅದ್ಭುತವಾಗಿ ಕಂಡರೆ ಅದು ವಿಚಿತ್ರವಲ್ಲ.

ಡಲ್ಲಾಸ್ ಬಳಿಯ ವಿಶ್ವವಿದ್ಯಾಲಯದಲ್ಲಿ ಅವಳು ಆಟಗಳ ವಿನ್ಯಾಸವನ್ನು ಓದಿದಳು. ೨೦೧೮ರ ಜೂನ್ ೪ರಂದು ಆಸ್ಟಿನ್ನಿನ ಪೆಕಾನ್ ಶೇಡ್ ಸೇರಿದಳು. ಅದರ ಮುಖ್ಯಸ್ಥ ಮಿಹಿರ್ ಪ್ಲೇನೋದಲ್ಲಿ ಹುಟ್ಟಿ ಬೆಳೆದವನು. ತಂದೆತಾಯಿ ಬೆಂಗಳೂರಿನವರಾದ್ದರಿಂದ ಕನ್ನಡ ಬಲ್ಲ. ಅವನ ಒಪ್ಪಿಗೆ ಪಡೆದು ವೈಷ್ಣವಿ ಎರಡು ವರ್ಷ ದುಡಿದು ಒಂದು ಊರನ್ನು ಕಟ್ಟಿದಳು. ಊರಿನ ಹೆಸರು ವಿಕ್‌ವೆಲ್. ಒಂದು ಓಣಿ, ಒಂದು ಬಾವಿ, ಇಪ್ಪತ್ತೆರಡು ಮನೆ. ಆ ಊರಿನವರ ನೆರಳುಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ಆಡುವವರ ಪಾತ್ರ ಊರಿಗೆ ಹೊಸದಾಗಿ ಬಂದವಳು, ಮಂತ್ರವಾದಿನಿಯೊಬ್ಬಳ ಶಿಷ್ಯೆ. ನೆರಳುಗಳನ್ನು ಕದಿಯುವವರು ಯಾರೆಂದು ಆಕೆ ಕಂಡುಹಿಡಿಯಬೇಕು. ಊರಿನ ಗಡಿಯನ್ನು ದಾಟುವಂತಿಲ್ಲ.

ಇನ್ನು ಆ ಬಾಗಿಲಿನ ವಿಷಯ.

ಗ್ರಹಣ ಮುಗಿದು ಮಿಹಿರ್ ಒಳಗೆ ಬಂದ. "ಹೊರಗೆ ಬರಲೇ ಇಲ್ವಲ್ಲ ವೈಶೂ. ಮೋಡದ ಸಂದೀಲಿ ಸ್ವಲ್ಪ ಕಾಣಿಸ್ತು."

"ಗ್ರಹಣ ಮುಗಿಯೂತನಕ ಹೊರಗ ಕಾಲಿಡಬ್ಯಾಡ ಅಂತ ಅವ್ವ ಫೋನ್ ಮಾಡಿದ್ಳು."

"ನೀನು ಅದನ್ನೆಲ್ಲ ನಂಬ್ತೀಯಾ?"

"ನಂಬೂದಿಲ್ಲ. ಆದ್ರ ಸಂಜೀಕ ಮತ್ತ ಫೋನ್ ಮಾಡಿ ಕೇಳತಾಳ."

ಮಿಹಿರ್ ಕುರ್ಚಿ ಎಳೆದುಕೊಂಡು ಕುಳಿತ. ಆಟವನ್ನು ಹೊರತರಬೇಕಾಗಿದ್ದ ಪ್ರಕಾಶನ ಸಂಸ್ಥೆ ಪ್ಲೇನೋದಲ್ಲಿತ್ತು. ಅಲ್ಲಿ ಒಂಬತ್ತು ಮಂದಿ ಪರೀಕ್ಷಕರು ವಿಕ್‌ವೆಲ್ ಊರನ್ನು ಆಡಿ ನೋಡಿದ್ದರು. ಅವರಲ್ಲಿ ಏಳು ಮಂದಿ ಒಂದೇ ಕಡೆ ಸಿಕ್ಕಿಬಿದ್ದಿದ್ದರು.

"ಆಲ್ಡಾ ಅಜ್ಜಿ ಮನೆ ಬಾಗಿಲು ಜಾಮ್ ಆಗಿದೆಯಂತೆ. ಮೊದಲ ಸುಳಿವು ಆ ಮನೆ ಒಳಗಿದೆ, ಹೋಗೋಕೇ ಆಗ್ತಿಲ್ಲ ಅಂತಾರೆ. ಬಗ್ ಅಂತ ರಿಪೋರ್ಟ್ ಮಾಡಿದಾರೆ."

"ಜಾಮ್ ಆಗಿಲ್ಲ. ಆಕಿ ತೆಗೀವಲ್ಲಳು."

"ಯಾಕೆ?"

"ಬಟ್ಟಲಾ ಖಾಲಿ ಕೊಟ್ಟಾರಲ್ಲ, ಅದಕ್ಕ."

ಮಿಹಿರನಿಗೆ ಅರ್ಥವಾಗಲಿಲ್ಲ. ಆಟದ ಆರಂಭದಲ್ಲಿ ಪಕ್ಕದ ಮನೆಯ ಆಲ್ಡಾ ಎಂಬ ಮುದುಕಿ ಹೊಸಬಳಿಗೆ ಒಂದು ಬಟ್ಟಲು ಬಿಸಿ ಸೂಪು ತಂದುಕೊಡುತ್ತಾಳೆ. ಅದು ಅವನಿಗೂ ಗೊತ್ತಿತ್ತು. "ಕುಡಿದ್ರು, ತೊಳೆದ್ರು, ವಾಪಸ್ ಕೊಟ್ರು. ಇನ್ನೇನು ಮಾಡ್ಬೇಕಿತ್ತು ಪಾಪ?"

"ನಿಮ್ಮ ಮನ್ಯಾಗ ಪಕ್ಕದ ಮನಿ ಡಬ್ಬಿ ಖಾಲಿ ಕಳಸ್ತಾರೇನು?"

"ನನಗೇನು ಗೊತ್ತು? ಡಬ್ಬಿ ಬರುತ್ತೆ, ಒಳಗಿರೋದನ್ನ ತಿಂತೀನಿ. ಆಮೇಲೆ ಅದು ಹೇಗೆ ಹೋಗುತ್ತೆ ಅಂತ ಯಾವತ್ತೂ ನೋಡಿಲ್ಲ."

ನಮ್ಮಲ್ಲಿ ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಹಣ್ಣೋ, ತಿಂಡಿಯೋ, ಏನೂ ಇಲ್ಲವೆಂದರೆ ಒಂದು ಚಮಚ ಸಕ್ಕರೆಯೋ ಅದರಲ್ಲಿರಬೇಕು. ಇದನ್ನು ಯಾರೂ ಯಾರಿಗೂ ಪಾಠ ಮಾಡಿ ಹೇಳಿಕೊಟ್ಟದ್ದಿಲ್ಲ. ವೈಷ್ಣವಿ ಆಲ್ಡಾಳ ನಡತೆಯನ್ನು ಬರೆದಾಗಲೂ ಹಾಗೆಯೇ ಬರೆದಿದ್ದಳು. ಖಾಲಿ ಬಟ್ಟಲು ಬಂದರೆ ಮುದುಕಿ ಬಾಗಿಲಲ್ಲೇ ಅದನ್ನು ತೆಗೆದುಕೊಳ್ಳುತ್ತಾಳೆ, ಒಳಗೆ ಕರೆಯುವುದಿಲ್ಲ. ಅದನ್ನು ವಿವರಿಸುವ ಅಗತ್ಯವಿದೆಯೆಂದು ಅವಳಿಗೆ ಹೊಳೆದಿರಲೇ ಇಲ್ಲ. ಉಸಿರಾಡಬೇಕೆಂದು ಆಟದಲ್ಲಿ ಯಾರೂ ಸೂಚನೆ ಕೊಡುವುದಿಲ್ಲವಷ್ಟೆ.

ಮಿಹಿರ್ ನಕ್ಕ, ಆದರೆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಪ್ರಕಾಶನ ಸಂಸ್ಥೆಯಲ್ಲಿ ಈ ಆಟದ ಹೊಣೆ ಹೊತ್ತಿದ್ದವಳು ಡೆನೀಸ್ ಎಂಬಾಕೆ. ಒಂದೇ ಊರಿನ ಆಟ ಜನರಿಗೆ ಬೇಸರ ತರಿಸುತ್ತದೆಂದು ಆಕೆ ಮೊದಲಿನಿಂದಲೂ ಹೇಳುತ್ತಿದ್ದಳು. ಈ ವರದಿಯಿಂದ ಅವಳ ಮಾತಿಗೆ ಬಲ ಬಂದಿತ್ತು. ಮೊದಲ ಅರ್ಧ ಗಂಟೆಯಲ್ಲೇ ವಿಕ್‌ವೆಲ್ ಸುಟ್ಟುಹೋಗಲಿ, ಶಿಷ್ಯೆ ಹೊರಟು ಏಳು ರಾಜ್ಯಗಳನ್ನು ಸುತ್ತಲಿ ಎಂಬುದು ಅವಳ ಸೂಚನೆ. ಮೇ ೩ರ ಶುಕ್ರವಾರ ಪ್ಲೇನೋದಲ್ಲಿ ತಾನೇ ಆಡಿ ನೋಡಿ ಕೊನೆಯ ಮಾತು ಹೇಳುವುದಾಗಿ ತಿಳಿಸಿದ್ದಳು.

"ಒಂದು ಕೆಲಸ ಮಾಡು" ಎಂದ ಮಿಹಿರ್. "ಬಟ್ಟಲ ಮೇಲೆ ಹೊಳೆಯೋ ಬಾಣ ಹಾಕು. 'ಇದನ್ನು ತುಂಬಿಸಿ' ಅಂತ ಬರೆದುಬಿಡು."

"ಬಾಣ ನೋಡಿ ಸಕ್ಕರಿ ಹಾಕಿದ್ರ ಅದು ಮರ್ಯಾದಿ ಆಗೂದಿಲ್ಲ, ಡ್ಯೂಟಿ ಆಗತೈತಿ."

"ಮರ್ಯಾದೆ ಉಳಿಸೋಕೆ ಹೋಗಿ ಊರೇ ಸುಟ್ಟುಹೋಗುತ್ತೆ ಮಾರಾಯ್ತಿ."



ಆ ವರ್ಷ ಯುಗಾದಿ ಮಂಗಳವಾರ, ಏಪ್ರಿಲ್ ೯ರಂದು ಬಂದಿತ್ತು. ದಾನಪ್ಪನವರ ಮನೆಯಲ್ಲಿ ಅದನ್ನು ಶನಿವಾರ, ೧೩ರಂದು ಆಚರಿಸಿದರು. ಹಬ್ಬವನ್ನು ವಾರಾಂತ್ಯಕ್ಕೆ ಸರಿಸುವ ಈ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯ ಎಲ್ಲರಿಗೂ ತಿಳಿದದ್ದೇ. ಊಟಕ್ಕೆ ನಾನೂ ಹೋಗಿದ್ದೆ. ವೈಷ್ಣವಿ ಆಸ್ಟಿನ್ನಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದಳು. ಬೇವಿನ ಪಾನಕ ಕುಡಿದು, ಹೋಳಿಗೆ ಉಂಡು, ಎಲ್ಲರೂ ಹಜಾರದಲ್ಲಿ ಕುಳಿತ ಮೇಲೆ ಅವಳು ದೊಡ್ಡ ಟೀವಿಯ ಮೇಲೆ ವಿಕ್‌ವೆಲ್ ತೋರಿಸಿದಳು. ಊರಿಗೆ ಬಂದಿರುವ ಆಪತ್ತನ್ನೂ ಹೇಳಿದಳು. ಬಟ್ಟಲಿನ ಸಂಗತಿಯನ್ನು ಮಾತ್ರ ಹೇಳಲಿಲ್ಲ.

ದಾನಪ್ಪನವರು ಮುಂದೆ ಬಾಗಿ ನೋಡಿದರು. "ಈ ಓಣ್ಯಾಗ ಹಾಸಿದ್ದು ಯಾವ ಕಲ್ಲು?"

"ಅದು ಬರೇ ಚಿತ್ರ ಅಪ್ಪಾ."

"ಚಿತ್ರ ಆದ್ರ ಏನಾತು? ಇಳಿಜಾರು ಎಲ್ಲೈತಿ? ಮಳಿ ಬಂದ್ರ ನೀರು ಸೀದಾ ಮನ್ಯಾಗ ಹೊಕ್ಕತಿ."

"ಇಲ್ಲಿ ಮಳಿ ಬರೂದಿಲ್ಲ."

"ಮಳೀನ ಬರಲಾರದ ಊರಿಗೆ ಬಾವಿ ಯಾಕ ತೋಡಿಸಿದಿ?"

ಮಲ್ಲವ್ವನವರು ಗಂಡನ ಕಡೆ ಕೈ ಬೀಸಿದರು. "ನೀವು ಸುಮ್ನ ಕೂಡ್ರಿ. ಊರು ಸುಡತಾರಂತ, ಇವರಿಗೆ ಇಳಿಜಾರಿನ ಚಿಂತಿ. ಕೊಡವಾ, ನಾ ಆಡತೀನಿ."

ಮಲ್ಲವ್ವನವರಿಗೆ ಆಗ ಅರುವತ್ತು. ವಿಡಿಯೋ ಗೇಮಿನ ಕಂಟ್ರೋಲರನ್ನು ಅವರು ಹಿಡಿದದ್ದು ಅದೇ ಮೊದಲು. ಶಿಷ್ಯೆ ಗೋಡೆಗಳಿಗೆ ಹಾಯುತ್ತ, ಎರಡು ಸಲ ಬಾವಿಯ ಸುತ್ತ ಪ್ರದಕ್ಷಿಣೆ ಹಾಕಿ, ಅಂತೂ ತನ್ನ ಮನೆ ಸೇರಿದಳು. ಆಲ್ಡಾ ಬಂದು ಸೂಪು ಕೊಟ್ಟು ಹೋದಳು. ಶಿಷ್ಯೆ ಕುಡಿದಳು. ಬಳಿಕ ಮಲ್ಲವ್ವನವರು ಅವಳನ್ನು ಅಲ್ಲೇ ನಿಲ್ಲಿಸಿ ಮನೆಯನ್ನೆಲ್ಲ ಹುಡುಕತೊಡಗಿದರು.

"ಏನ್ ಹುಡುಕಾಕತ್ತೀದಿ ಅವ್ವಾ?" ವೈಷ್ಣವಿ ಮೆಲ್ಲಗೆ ಕೇಳಿದಳು.

"ಆ ಅಜ್ಜಿ ಬಟ್ಲಾ ಕೊಡಬೇಕಲ್ಲ. ಇದೆಂಥಾ ಮನಿ ಮಾಡಿಯವಾ, ಒಂದು ಹಿಡಿ ಸಕ್ಕರೀನೂ ಇಟ್ಟಿಲ್ಲ. ಕಸಬರಿಗಿ ಐತಿ, ದೀಪ ಐತಿ, ಅಷ್ಟ."

ಕೊನೆಗೆ ಬಾವಿಯ ಪಕ್ಕದಲ್ಲಿ ಪುದೀನ ಸೊಪ್ಪು ಸಿಕ್ಕಿತು. ಅದನ್ನು ಬಟ್ಟಲಿಗೆ ಹಾಕಿ ಕೊಟ್ಟಾಗ ಆಲ್ಡಾ ಬಾಗಿಲು ತೆರೆದು "ಒಳಗೆ ಬಾ ಮಗಳೇ" ಎಂದಳು. ಮಲ್ಲವ್ವನವರು ಇದರಲ್ಲಿ ವಿಶೇಷವೇನೂ ಕಾಣದೆ ಒಳಗೆ ಹೋದರು.

"ನೋಡ್ರಿ ಅಂಕಲ್" ಎಂದಳು ವೈಷ್ಣವಿ ನನ್ನತ್ತ ತಿರುಗಿ. "ಅವ್ವಗ ಬಾಣ ಬೇಕಾಗಲಿಲ್ಲ." ಆಮೇಲೆ ಬಾಗಿಲಲ್ಲಿ ಸಿಕ್ಕಿಬಿದ್ದ ಏಳು ಮಂದಿಯ ಕಥೆಯನ್ನು ತಾಯಿಗೆ ಹೇಳಿದಳು. ತಾಯಿ ತನ್ನ ಪಕ್ಷ ವಹಿಸುತ್ತಾರೆಂದು ಅವಳ ನಿರೀಕ್ಷೆಯಿದ್ದಂತೆ ತೋರಿತು.

ಮಲ್ಲವ್ವನವರು ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡರು. "ಪಾಪ, ಅವರು ಹೊಸಬರು. ಅವರಿಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ."

"ಇಪ್ಪತ್ತೆರಡು ಮನಿ ಅದಾವು, ಒಬ್ಬರೂ ಹೇಳಲಿಲ್ಲ? ಆಕಿ ಬಾಗಿಲಾ ಹಾಕ್ಕೊಂಡು ಕುಂತ್ಳು, ಉಳದವರು ತಂತಮ್ಮ ಮನ್ಯಾಗ ಸುಮ್ನ ಕುಂತ್ರು? ಇದೆಂಥಾ ಊರವಾ?"

ವೈಷ್ಣವಿ ಟೀವಿಯಲ್ಲಿದ್ದ ಓಣಿಯತ್ತ ತಿರುಗಿದಳು.

"ನಾ ಇಳಕಲ್ಲಿಗೆ ಸೊಸಿಯಾಗಿ ಬಂದ ಹೊಸದಾಗ ಎದುರು ಮನಿ ಬೋಗುಣಿ ಖಾಲಿ ಕಳಿಸಿದ್ದೆ. ಗಡಿಬಿಡ್ಯಾಗ ಮರತಿದ್ದೆ. ಆ ಮನಿಯಾಕಿ ಒಂದು ಮಾತು ಅನಲಿಲ್ಲ. ಸಂಜೀಕ ನೀರಿಗೆ ಹೋದ್ರ ನಾಕು ಮಂದಿ ಕೇಳಿದ್ರು, 'ಏನವಾ, ನಿಮ್ಮ ಮನ್ಯಾಗ ಸಕ್ಕರಿ ತೀರೈತಂತ?' ಅಂತ. ಒಬ್ಬಾಕಿ ಅಂತೂ, 'ಬೇಕಾದ್ರ ನಮ್ಮ ಮನಿಂದ ಒಯ್ಯವಾ' ಅಂದ್ಳು. ನೆಲಾ ಬಾಯಿ ಬಿಡಬಾರದೇನು ಅನಿಸ್ತು. ಮರುದಿನ ಶೇಂಗಾ ಉಂಡಿ ಕಟ್ಟಿ ಕೊಟ್ಟು ಬಂದೆ."

ದಾನಪ್ಪನವರು ಜೋರಾಗಿ ನಕ್ಕರು. "ಇದನ್ನ ನನಗ ಹೇಳೇ ಇಲ್ಲಲ್ಲ ನೀ."

"ನಿಮಗ್ಯಾಕ ಹೇಳ್ಲಿ? ಊರಿಗೆಲ್ಲಾ ಗೊತ್ತಿತ್ತು." ಮಲ್ಲವ್ವನವರು ಮಗಳ ಕಡೆ ತಿರುಗಿದರು. "ಸಣ್ಣ ಊರು ಅಂದ್ಮ್ಯಾಲ ಆಡಿಕೊಬೇಕವಾ. ಆಡಿಕೊಳ್ಳಲಾರದ ಓಣಿ ಎಂಥಾ ಓಣಿ?"

ತಾನು ಕಟ್ಟಿದ ಊರಿನ ನಿಜವಾದ ಲೋಪ ಯಾವುದೆಂದು ವೈಷ್ಣವಿಗೆ ಆಗ ತಿಳಿಯಿತು. ಇಪ್ಪತ್ತೆರಡು ಮನೆಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಮಾತು, ಅದರದೇ ಚಿಂತೆ ಕೊಟ್ಟಿದ್ದಳು. ಒಂದು ಮನೆಯ ಸುದ್ದಿ ಇನ್ನೊಂದಕ್ಕೆ ಹೋಗುವ ದಾರಿ ಮಾಡಿರಲಿಲ್ಲ. ಅಳತೆಯಲ್ಲಿ ವಿಕ್‌ವೆಲ್ ಸಣ್ಣ ಊರಾಗಿತ್ತು. ಅಲ್ಲಿದ್ದವರು ಮಾತ್ರ ಶುಗರ್ ಲ್ಯಾಂಡಿನವರ ಹಾಗೆ ಗ್ಯಾರೇಜಿನ ಬಾಗಿಲು ಇಳಿಸಿಕೊಂಡು ಬದುಕುತ್ತಿದ್ದರು.

ಸೋಮವಾರ ಅವಳು ಮಿಹಿರನಿಗೆ ತನ್ನ ಯೋಚನೆಯನ್ನು ವಿವರಿಸಿದಳು. ಆಡುವವರು ಒಂದು ಬಾಗಿಲಲ್ಲಿ ಮಾಡಿದ್ದು ಆಟದ ಸಂಜೆಯ ಹೊತ್ತಿಗೆ ಓಣಿಯೆಲ್ಲ ಹರಡಬೇಕು. ಪ್ರತಿಯೊಬ್ಬರೂ ಅದನ್ನು ತಮ್ಮ ತಮ್ಮ ರೀತಿಯಲ್ಲಿ ಆಡಬೇಕು: ಬೇಕರಿಯವನು ಚುಚ್ಚಿ, ದರ್ಜಿಯ ಹೆಂಗಸು ಅನುಕಂಪ ತೋರಿಸಿ, ಪೂಜಾರಿ ಏನೂ ಕೇಳಿಲ್ಲವೆಂಬಂತೆ ಕೆಮ್ಮಿ.

ಮಿಹಿರ್ ತಲೆ ಹಿಡಿದುಕೊಂಡ. "ಎಷ್ಟು ಡೈಲಾಗ್ ಬರೀಬೇಕು ಗೊತ್ತಾ? ಏಳು ರಾಜ್ಯಕ್ಕೆ ಇದನ್ನ ಮಾಡೋಕೆ ಸಾಧ್ಯವೇ ಇಲ್ಲ."

"ಇಲ್ಲ. ಇಪ್ಪತ್ತೆರಡು ಮನಿಗೆ ಸಾಧ್ಯ ಐತಿ. ಡೆನೀಸಗ ಅದನ್ನ ಹೇಳು."

"ನಾನು ಹೇಳಲ್ಲ. ಅವಳೇ ಆಡಿ ನೋಡ್ಲಿ." ಹಾಗೆಂದವನು ಅಂದಿನಿಂದಲೇ ಪೂಜಾರಿಯ ಕೆಮ್ಮುಗಳನ್ನು ಬರೆಯಲು ಕುಳಿತ. ಅವನು ಬರೆದ ಕೆಮ್ಮುಗಳೇ ಆಟದಲ್ಲಿ ಉಳಿದವು.

ಮೇ ೩ರಂದು ಇಬ್ಬರೂ ಮುಂಜಾನೆ ಆಸ್ಟಿನ್ ಬಿಟ್ಟು ಹತ್ತು ಗಂಟೆಗೆ ಪ್ಲೇನೋ ತಲುಪಿದರು. ಡೆನೀಸ್ ಐವತ್ತರ ಆಸುಪಾಸಿನ, ನೇರ ಮಾತಿನ ಹೆಂಗಸು. ಪಶ್ಚಿಮ ಟೆಕ್ಸಾಸಿನ ಒಂದು ಸಣ್ಣ ಊರಿನಲ್ಲಿ ಹುಟ್ಟಿ, ಹದಿನೆಂಟಕ್ಕೆ ಅಲ್ಲಿಂದ ಹೊರಟು, ಮತ್ತೆ ಆ ಕಡೆ ತಲೆ ಹಾಕಿರಲಿಲ್ಲವಂತೆ. ಅವಳ ಮಾತುಗಳು ಇಂಗ್ಲಿಷಿನವು. ವೈಷ್ಣವಿ ನನಗೆ ಹೇಳಿದಂತೆ ಇಲ್ಲಿ ಕೊಡುತ್ತಿದ್ದೇನೆ.

ಡೆನೀಸ್ ಸೂಪು ಕುಡಿದಳು. ಬಟ್ಟಲನ್ನು ತೊಳೆದಳು. ಖಾಲಿ ಬಟ್ಟಲನ್ನು ಆಲ್ಡಾಳಿಗೆ ಕೊಟ್ಟಳು. ಬಾಗಿಲು ಮುಚ್ಚಿತು.

"ಇನ್ನೂ ಸರಿಮಾಡಿಲ್ಲ ನೀವು" ಎಂದಳು.

ಮಿಹಿರ್ ಕಿಟಕಿಯ ಹೊರಗೆ ನೋಡುತ್ತ ನಿಂತ. ಮಾಡಲು ಬೇರೆ ಕೆಲಸವಿಲ್ಲದೆ ಡೆನೀಸ್, ಆಟದಲ್ಲಿ ಸಂಜೆಯಾಗುತ್ತಿದ್ದಂತೆ, ಓಣಿಯಲ್ಲಿ ನಡೆದು ಬೇಕರಿಗೆ ಹೋದಳು. ಬೇಕರಿಯ ತೋಬಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಆಲ್ಡಾಳ ಬಟ್ಟಲನ್ನು ಬಹಳ ಚೆನ್ನಾಗಿ ತೊಳೆದಿದ್ದೀರಂತೆ. ಅವಳಿಗೆ ಅದರಲ್ಲಿ ತನ್ನ ಮುಖ ಕಂಡಿತಂತೆ, ಬೇರೇನೂ ಕಾಣಲಿಲ್ಲವಂತೆ" ಎಂದ. ಡೆನೀಸ್ ಹುಬ್ಬೇರಿಸಿದಳು. ದರ್ಜಿಯ ಹೆಂಗಸು ಅಂಗಡಿಯಿಂದ ಹೊರಬಂದು, "ಸಂಕೋಚ ಬೇಡಮ್ಮ, ಕಷ್ಟ ಎಲ್ಲರಿಗೂ ಬರುತ್ತದೆ. ಒಂದು ಈರುಳ್ಳಿ ಕೊಡಲೇ?" ಎಂದಳು. ಮುಂದೆ ಪೂಜಾರಿ ಎದುರಾದ. ಕೆಮ್ಮಿದ.

"ಇವರೆಲ್ಲ ನನ್ನ ಬಗ್ಗೆ ಮಾತಾಡುತ್ತಿದ್ದಾರೆ" ಎಂದಳು ಡೆನೀಸ್.

"ಹೌದು" ಎಂದಳು ವೈಷ್ಣವಿ.

"ನಮ್ಮೂರಿನವರೂ ಹೀಗೇ. ಅದಕ್ಕೇ ನಾನು ಊರು ಬಿಟ್ಟೆ." ಹೀಗೆಂದರೂ ಅವಳು ಕಂಟ್ರೋಲರನ್ನು ಕೆಳಗಿಡಲಿಲ್ಲ. ಆಲ್ಡಾಳ ಬಾಗಿಲಿಗೆ ಹೋಗಿ, ಮರೆತ ನೆಪ ಹೇಳಿ ಬಟ್ಟಲನ್ನು ಮರಳಿ ಕೇಳಿ ಪಡೆದಳು. ಅದರಲ್ಲಿ ಒಂದು ಕಲ್ಲು ಹಾಕಿ ಕೊಟ್ಟು ನೋಡಿದಳು. ಆಟದ ಮರುದಿನದ ಸಂಜೆಯೊಳಗೆ ಓಣಿಯವರು ಕಲ್ಲಿನ ಸಾರು ಮಾಡುವ ಬಗೆಯನ್ನು ಒಬ್ಬರಿಗೊಬ್ಬರು ಕೇಳುತ್ತಿದ್ದರು. ಪಕ್ಕದ ಮೇಜುಗಳ ಪರೀಕ್ಷಕರು ಒಬ್ಬೊಬ್ಬರಾಗಿ ಬಂದು ಹಿಂದೆ ನಿಂತರು. ಒಬ್ಬ ಕೋಳಿ ಹಾಕಿ ನೋಡೆಂದ, ಹಾಕಿದರು, ಅದು ಹಾರಿ ಬೇಕರಿಗೆ ನುಗ್ಗಿತು. ಕೊನೆಗೆ ಡೆನೀಸ್ ದರ್ಜಿಯ ಹೆಂಗಸಿನಿಂದ ಈರುಳ್ಳಿಯನ್ನೇ ಪಡೆದು ಕೊಟ್ಟಾಗ ಆಲ್ಡಾ ಬಾಗಿಲು ತೆರೆದಳು. ಕೋಣೆಯಲ್ಲಿ ಚಪ್ಪಾಳೆ ಬಿತ್ತು.

ಆಗ ಹಿಂದೆ ನಿಂತಿದ್ದ ಒಬ್ಬ ಹುಡುಗಿ, "ಸ್ವಲ್ಪ ತಾಳಿ, ಬೇಕರಿಯವನನ್ನು ನೋಡಿ. ಅವನ ನೆರಳಿಲ್ಲ" ಎಂದಳು.

ಪರದೆಯ ಮೇಲೆ ಅದನ್ನು ಸೂಚಿಸುವ ಗುರುತು ಯಾವುದೂ ಇರಲಿಲ್ಲ. ತೋಬಿಯನ್ನು ಅವರು ಆಗಲೇ ಬಲ್ಲವರಾಗಿದ್ದರಿಂದ ಕಂಡಿತು, ಅಷ್ಟೆ. ಅವನಿಗೇನಾಯಿತೆಂದು ಇಬ್ಬರು ಒಟ್ಟಿಗೆ ಕೇಳಿದರು.

ಡೆನೀಸ್ ಆ ನೆರಳಿಲ್ಲದ ಮನುಷ್ಯನ ಹತ್ತಿರಕ್ಕೆ ಶಿಷ್ಯೆಯನ್ನು ನಡೆಸಿದಳು. ಬಳಿಕ ವೈಷ್ಣವಿಯ ಕಡೆ ತಿರುಗಿ, "ಇವರನ್ನು ಸುಡುವುದು ನನ್ನಿಂದ ಆಗುವುದಿಲ್ಲ. ಏಳು ರಾಜ್ಯ ಬೇಡ. ಆದರೆ ಆ ದರ್ಜಿಯವಳಿಗೆ ನಾನು ಬಡವಳಲ್ಲವೆಂದು ಹೇಳಲು ಒಂದು ದಾರಿ ಮಾಡಿಕೊಡಿ" ಎಂದಳು.

"ಮಾಡಬಹುದು. ಆದರ ಆಕಿ ನಂಬೂದಿಲ್ಲ" ಎಂಬ ಅರ್ಥದ ಉತ್ತರವನ್ನು ವೈಷ್ಣವಿ ಇಂಗ್ಲಿಷಿನಲ್ಲಿ ಕೊಟ್ಟಳಂತೆ.

ಆಮೇಲೆ ನಡೆದದ್ದು ಇಷ್ಟು. ಮೇ ೨೦ರಂದು ಒಪ್ಪಂದಕ್ಕೆ ಸಹಿಯಾಯಿತು. ಊರಿನ ಗಡಿ ಇದ್ದಲ್ಲಿಯೇ ಉಳಿಯಿತು. ಆಟವು ೨೦೨೫ರ ಅಕ್ಟೋಬರ್ ೧೭, ಶುಕ್ರವಾರ ಬಿಡುಗಡೆಯಾಯಿತು. ತೀರ ಚಿಕ್ಕದೆಂದು ದೂರಿದವರೂ ಇದ್ದರು. ಅವರಲ್ಲಿ ಅಮರನೂ ಒಬ್ಬ. ಅವನು ಒಂದೇ ವಾರಾಂತ್ಯದಲ್ಲಿ ಆಟವನ್ನು ಮುಗಿಸಿ, ಗಡಿಯ ಆಚೆ ಏನಿದೆಯೆಂದು ಕೇಳಿ ತಂಗಿಗೆ ಸಂದೇಶ ಕಳುಹಿಸಿದ. ಮಲ್ಲವ್ವನವರು ನೆರಳು ಕದಿಯುವವರನ್ನು ಇನ್ನೂ ಹಿಡಿದಿಲ್ಲ. ನವೆಂಬರಿನಲ್ಲಿ ಡೆನೀಸ್ ಪ್ಲೇನೋದ ಕೆಲಸ ಬಿಟ್ಟು ಬೇರೆ ಸಂಸ್ಥೆ ಸೇರಿದಳು. ವೈಷ್ಣವಿ ಪೆಕಾನ್ ಶೇಡಿನಲ್ಲೇ ಇದ್ದಾಳೆ. ೨೦೨೬ರ ಜನವರಿ ೧೨, ಸೋಮವಾರದಂದು ಅವಳು ಎರಡನೆಯ ಆಟದ ಕೆಲಸವನ್ನು ಆರಂಭಿಸಿದಳು. ಅದು ಮೂರು ಅಂತಸ್ತಿನ ಒಂದೇ ಮನೆಯಲ್ಲಿ ನಡೆಯುತ್ತದೆ.